ಚೌಕದ ಅಂಚನ್ನು ಮೊದಲು ಓದಿ

ಸಿಎನ್‌ಸಿ ಲೇತಿನ ಚಕ್ಕಿನಲ್ಲಿ ಒಂದು ಜಾಬ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದೆ ಅಂದುಕೊಳ್ಳಿ. ಆ ಹೊತ್ತಿಗೇ ಕರೆಂಟು ಹೋಯಿತು. ಸ್ಪಿಂಡಲ್ ಕೂಡಲೇ ನಿಲ್ಲುವುದಿಲ್ಲ, ತನ್ನ ತೂಕದ ಓಘದಲ್ಲಿ ಇನ್ನಷ್ಟು ಹೊತ್ತು ಸುತ್ತುತ್ತಲೇ ಇರುತ್ತದೆ. ಅಷ್ಟು ಹೊತ್ತೂ ಚಕ್ಕಿನ ದವಡೆಗಳು ಜಾಬನ್ನು ಬಿಗಿಯಾಗಿ ಹಿಡಿದಿರಬೇಕು. ಸಡಿಲಿಸಿದರೆ ಕೆಜಿಗಟ್ಟಲೆ ತೂಕದ ಉಕ್ಕು ಬಾಗಿಲಿನ ಗಾಜಿನ ಕಡೆಗೆ ಹಾರುತ್ತದೆ. ದವಡೆ ಹಿಡಿದಿರುತ್ತದೋ ಬಿಡುತ್ತದೋ ಎಂಬುದಕ್ಕೆ ಆ ಮೆಷಿನ್ನಿನ ಹೈಡ್ರಾಲಿಕ್ ಸರ್ಕ್ಯೂಟ್ ಡ್ರಾಯಿಂಗಿನಲ್ಲಿ ಉತ್ತರವಿದೆ. ಅದು ಪಂಪಿನ ಗುರುತಿನಲ್ಲಿಲ್ಲ, ಸಿಲಿಂಡರಿನ ಗುರುತಿನಲ್ಲೂ ಇಲ್ಲ. ಎರಡು ಚೌಕ ಒತ್ತಿ ಕುಳಿತಿರುವ ಒಂದು ವಾಲ್ವಿನ ಎಡ ಬಲ ತುದಿಗಳಲ್ಲಿ ಉಗುರಿನಷ್ಟು ಜಾಗದಲ್ಲಿ ಎಳೆದಿರುವ ಗೆರೆಗಳಲ್ಲಿದೆ.

ದಿಕ್ಕು ನಿಯಂತ್ರಿಸುವ ವಾಲ್ವುಗಳ ಆಕ್ಚುಯೇಟರ್ ಸಂಕೇತಗಳೆಂದರೆ ಈ ಗೆರೆಗಳೇ. ಪಾಠದಲ್ಲಿ ಇವಕ್ಕೆ ಸಿಗುವುದು ಅರ್ಧ ಪುಟ. ಚೌಕದೊಳಗಿನ ಬಾಣಗಳ ಬಗ್ಗೆ ಮೇಷ್ಟರು ಎರಡು ದಿನ ಹೇಳುತ್ತಾರೆ, ಅಂಚಿನ ಗುರುತುಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುತ್ತಾರೆ. ಬಾಣವನ್ನು ತಪ್ಪಾಗಿ ಓದಿದರೆ ಸಿಲಿಂಡರ್ ಉಲ್ಟಾ ಹೋಗುತ್ತದೆ, ಮೊದಲ ಟ್ರಯಲ್ಲಿನಲ್ಲೇ ಗೊತ್ತಾಗುತ್ತದೆ. ಅಂಚನ್ನು ತಪ್ಪಾಗಿ ಓದಿದರೆ ತಿಂಗಳುಗಟ್ಟಲೆ ಏನೂ ಗೊತ್ತಾಗದೆ, ಕರೆಂಟು ಹೋದ ಒಂದು ರಾತ್ರಿ ಗೊತ್ತಾಗುತ್ತದೆ. ಆದ್ದರಿಂದ ಡ್ರಾಯಿಂಗ್ ಓದುವ ಕ್ರಮವನ್ನೇ ತಿರುಗಿಸಬೇಕು ಎಂಬುದು ನನ್ನ ವಾದ. ಮೊದಲು ಅಂಚು, ಆಮೇಲೆ ಬಾಣ.

ಬೆಂಗಳೂರಿನ ಜಾಲಹಳ್ಳಿಯಲ್ಲಿ ನಿಂತು ಈ ಮಾತು ಹೇಳುವುದಕ್ಕೆ ಕಾರಣವಿದೆ. ಹಿಂದುಸ್ತಾನ್ ಮೆಷಿನ್ ಟೂಲ್ಸ್ (ಎಚ್‌ಎಂಟಿ) 1953ರಲ್ಲಿ ಇಲ್ಲೇ ಹುಟ್ಟಿತು, ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕಂಪನಿಯ ಜೊತೆಗೂಡಿ. ಮೊದಲು ಲೇತು, ಆಮೇಲೆ ಫ್ರಿಟ್ಜ್ ವರ್ನರ್ ಕಂಪನಿಯ ಜೊತೆ ಮಿಲ್ಲಿಂಗ್, ಹರ್ಮನ್ ಕೋಲ್ಬ್ ಜೊತೆ ರೇಡಿಯಲ್ ಡ್ರಿಲ್ಲಿಂಗ್. ಬೇರೆ ಬೇರೆ ದೇಶದ ಡ್ರಾಯಿಂಗುಗಳು ಒಂದೇ ಶೆಡ್ಡಿನೊಳಗೆ ಬಂದವು. ಪಕ್ಕದ ಪೀಣ್ಯದಲ್ಲಿ ಎಪ್ಪತ್ತರ ದಶಕದಿಂದ ಬೆಳೆದ ಸಣ್ಣ ಕಾರ್ಖಾನೆಗಳಿಗೆ ಜರ್ಮನಿಯ ಹಳೆಯ ಮೆಷಿನ್ನು, ಜಪಾನಿನ ಹೊಸ ಮೆಷಿನ್ನು, ತೈವಾನಿನ ಪವರ್ ಪ್ಯಾಕು ಎಲ್ಲವೂ ಬಂದವು. ಮ್ಯಾನ್ಯುಯಲ್ ಯಾವ ಭಾಷೆಯದೇ ಇರಲಿ, ಕೊನೆಯ ಹಾಳೆಯ ಹೈಡ್ರಾಲಿಕ್ ಸರ್ಕ್ಯೂಟನ್ನು ತುಮಕೂರಿನಿಂದಲೋ ಮಾಗಡಿಯಿಂದಲೋ ಬಂದ ಫಿಟ್ಟರ್ ಓದಬಲ್ಲ. ಅಕ್ಷರವಿಲ್ಲದ ಭಾಷೆ ಅದು. ಆದರೆ ಅದಕ್ಕೂ ವ್ಯಾಕರಣವಿದೆ.

ಆ ವ್ಯಾಕರಣದ ಮೊದಲ ನಿಯಮ ಸರಳ. ವಾಲ್ವಿನೊಳಗೆ ಸ್ಪೂಲ್ ಎಂಬ ಉರುಳೆ ಅತ್ತಿತ್ತ ಜಾರುತ್ತದೆ. ಅದು ನಿಲ್ಲುವ ಒಂದೊಂದು ಜಾಗಕ್ಕೂ ಒಂದೊಂದು ಚೌಕ. ಪೈಪು ಸೇರುವ ಬಾಯಿಗೆ ಪೋರ್ಟ್ ಎನ್ನುತ್ತಾರೆ. ನಾಲ್ಕು ಪೋರ್ಟು ಮೂರು ಚೌಕವಿದ್ದರೆ ಅದು 4/3 ವಾಲ್ವ್. ಪೈಪುಗಳನ್ನು ಒಂದೇ ಚೌಕಕ್ಕೆ ಜೋಡಿಸಿ ಎಳೆದಿರುತ್ತಾರೆ, ಯಾರೂ ಮುಟ್ಟದಿರುವಾಗ ವಾಲ್ವ್ ಇರುವ ಸ್ಥಿತಿ ಅದು. ಈಗ ಪೈಪುಗಳು ಹಾಳೆಗೆ ಅಂಟಿಕೊಂಡಿವೆ, ಚೌಕಗಳು ಮಾತ್ರ ರೈಲಿನ ಬೋಗಿಗಳಂತೆ ಜಾರಬಲ್ಲವು ಎಂದು ಕಲ್ಪಿಸಿಕೊಳ್ಳಿ. ಎಡ ತುದಿಯಲ್ಲಿರುವ ಕೈ ತಳ್ಳಿದರೆ ಬೋಗಿಗಳು ಬಲಕ್ಕೆ ಸರಿದು ಎಡಗಡೆಯ ಚೌಕ ಪೈಪುಗಳ ಮುಂದೆ ಬಂದು ನಿಲ್ಲುತ್ತದೆ. ಬಲಗಡೆಯ ಕೈ ತಳ್ಳಿದರೆ ಬಲಗಡೆಯ ಚೌಕ. ಯಾವ ಚೌಕದ ಪಕ್ಕದಲ್ಲಿ ಯಾವ ಗುರುತಿದೆಯೋ ಆ ಗುರುತಿನ ಆಜ್ಞೆಗೆ ಆ ಚೌಕ ಜಾರಿಗೆ ಬರುತ್ತದೆ. ಇದೊಂದು ತಲೆಗೆ ಹೋದರೆ ಮಿಕ್ಕಿದ್ದೆಲ್ಲ ‘ಯಾರ ಕೈ?’ ಎಂಬ ಪ್ರಶ್ನೆ ಅಷ್ಟೇ.

ಆಕ್ಚುಯೇಟರ್ ಎಂಬ ಪದವೇ ಹೊಸಬರನ್ನು ದಾರಿ ತಪ್ಪಿಸುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. ಸಿಲಿಂಡರಿಗೂ ಹೈಡ್ರಾಲಿಕ್ ಮೋಟಾರಿಗೂ ಆಕ್ಚುಯೇಟರ್ ಎನ್ನುತ್ತಾರೆ, ಅದು ಕೆಲಸ ಮಾಡುವ ಕೈ. ವಾಲ್ವಿನ ತುದಿಯಲ್ಲಿರುವುದಕ್ಕೂ ಅದೇ ಹೆಸರು, ಅದು ವಾಲ್ವಿಗೆ ಹೇಳುವ ಕೈ. ಇಲ್ಲಿ ನಾನು ಮಾತಾಡುತ್ತಿರುವುದು ಎರಡನೆಯದರ ಬಗ್ಗೆ.

ಮನುಷ್ಯನ ಕೈಯಿಂದಲೇ ಶುರು ಮಾಡೋಣ. ಸಣ್ಣ ಕಡ್ಡಿಯ ತುದಿಗೆ ಉಬ್ಬಿದ ತಲೆ ಇದ್ದರೆ ಪುಶ್ ಬಟನ್. ಓರೆಯಾಗಿ ನಿಂತ ಕಡ್ಡಿಯ ತುದಿಗೆ ಗುಂಡು ಇದ್ದರೆ ಲಿವರ್. ಕಡ್ಡಿ ಮೊಣಕಾಲಿನಂತೆ ಮಡಚಿಕೊಂಡಿದ್ದರೆ ಕಾಲಲ್ಲಿ ಒತ್ತುವ ಪೆಡಲ್. ಟ್ರಾಕ್ಟರಿನ ಟ್ರೈಲರ್ ಎತ್ತುವ ಲಿವರನ್ನು ಕಂಡ ರೈತರ ಮಕ್ಕಳಿಗೆ ಇದನ್ನು ಕಲಿಸಬೇಕಾಗಿಯೇ ಇಲ್ಲ. ಚಿತ್ರವೇ ವಸ್ತುವಿನ ಹಾಗಿದೆ.

ಎರಡನೆಯದು ಮೆಷಿನ್ನಿನದೇ ಕೈ. ತುದಿಯಲ್ಲಿ ಚಕ್ರವಿದ್ದರೆ ರೋಲರ್, ಏನಾದರೂ ಬಂದು ತಾಕಿದಾಗ ವಾಲ್ವ್ ಬದಲಾಗುತ್ತದೆ. ಹಳೆಯ ಹೈಡ್ರಾಲಿಕ್ ಗ್ರೈಂಡಿಂಗ್ ಮೆಷಿನ್ನಿನ ಮುಂದೆ ಐದು ನಿಮಿಷ ನಿಂತರೆ ಈ ಜಾತಿಯ ಸೊಗಸು ಗೊತ್ತಾಗುತ್ತದೆ. ಟೇಬಲ್ಲಿನ ಮುಂಭಾಗದ ತೋಡಿನಲ್ಲಿ ಎರಡು ಉಕ್ಕಿನ ತುಂಡುಗಳನ್ನು ಬಿಗಿದಿರುತ್ತಾರೆ, ಟ್ರಿಪ್ ಡಾಗ್ ಅನ್ನುತ್ತಾರೆ. ಟೇಬಲ್ ಬಲಕ್ಕೆ ಹರಿದು ಬಂದು ಎಡಗಡೆಯ ಡಾಗ್ ನಡುವಿನ ಲಿವರಿಗೆ ತಾಕುತ್ತದೆ. ಲಿವರ್ ವಾಲುತ್ತದೆ, ಒಳಗಿನ ವಾಲ್ವ್ ಬದಲಾಗುತ್ತದೆ, ಟೇಬಲ್ ಒಂದು ಕ್ಷಣ ಉಸಿರು ಹಿಡಿದಂತೆ ನಿಂತು ಎಡಕ್ಕೆ ತಿರುಗುತ್ತದೆ. ಇನ್ನೊಂದು ತುದಿಯಲ್ಲಿ ಮತ್ತೊಂದು ಡಾಗ್, ಮತ್ತೆ ಅದೇ. ವೈರಿಲ್ಲ, ಸೆನ್ಸರಿಲ್ಲ. ಕಲಿಯುವ ಹುಡುಗರನ್ನು ಮೊದಲು ಇಂಥ ಮೆಷಿನ್ನಿನ ಮುಂದೆ ನಿಲ್ಲಿಸಿ ಆಮೇಲೆ ಡ್ರಾಯಿಂಗ್ ಬಿಡಿಸಿ ತೋರಿಸಬೇಕೆಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಗುರುತಿನ ಹಿಂದಿರುವ ಚಲನೆ ಕಣ್ಣಿಗೇ ಕಾಣುತ್ತದೆ. ರೋಲರಿನ ಕಡ್ಡಿಯಲ್ಲಿ ಒಂದು ಕೀಲು ಇದ್ದರೆ ಅದು ಒಂದೇ ದಿಕ್ಕಿನಲ್ಲಿ ತಾಕಿದಾಗ ಮಾತ್ರ ಒತ್ತುತ್ತದೆ, ವಾಪಸು ಬರುವಾಗ ಮಡಚಿಕೊಂಡು ಸುಮ್ಮನಿರುತ್ತದೆ. ಎರಡು ಸಿಗ್ನಲ್ ಒಂದರ ಮೇಲೊಂದು ಬಿದ್ದು ಗೊಂದಲವಾಗದಿರಲಿ ಎಂದು ಗಾಳಿಯ ಸರ್ಕ್ಯೂಟುಗಳಲ್ಲಿ ಇದನ್ನು ಬಳಸುತ್ತಿದ್ದರು.

ಮೂರನೆಯದು ವಿದ್ಯುತ್ತಿನ ಕೈ, ಸೊಲೆನಾಯ್ಡ್. ಅಂಗಡಿಯ ಮಾತಿನಲ್ಲಿ ಕಾಯಿಲ್. ಸಣ್ಣ ಆಯತದೊಳಗೆ ಒಂದು ಓರೆಗೆರೆ. ಓರೆ ಯಾವ ಕಡೆಗೆ ವಾಲಿದೆ ಎಂಬುದಕ್ಕೂ ಅರ್ಥವಿದೆ: ಸ್ಪೂಲಿನ ಕಡೆಗೆ ತಳ್ಳುವುದೋ, ಅದರಿಂದ ದೂರ ಎಳೆಯುವುದೋ. ಎರಡು ಸುರುಳಿ ಎದುರುಬದುರು ಕೆಲಸ ಮಾಡಿದರೆ ಎರಡು ಓರೆ. ಮೇಲೊಂದು ಬಾಣ ಹಾಯ್ದಿದ್ದರೆ ಅದು ಪ್ರೊಪೋರ್ಷನಲ್: ಪೂರ್ತಿ ತೆರೆ ಇಲ್ಲವೇ ಪೂರ್ತಿ ಮುಚ್ಚು ಎನ್ನದೆ, ಕೊಟ್ಟ ಕರೆಂಟಿಗೆ ತಕ್ಕಷ್ಟೇ ಸರಿಯುವ ಜಾತಿ.

ಇನ್ನು ಸ್ಪ್ರಿಂಗ್. ಅಂಕುಡೊಂಕು ಗೆರೆ, ಮಕ್ಕಳೂ ಎಳೆಯುವಂಥದ್ದು. ಎಲ್ಲ ಗುರುತುಗಳಲ್ಲಿ ಅತಿ ಮುಖ್ಯವಾದದ್ದು ಇದೇ. ಬೇರೆ ಎಲ್ಲ ಕೈಗಳೂ ಯಾರೋ ಹೇಳಿದಾಗ ಕೆಲಸ ಮಾಡುತ್ತವೆ. ಹೇಳುವವರು ಯಾರೂ ಇಲ್ಲದಾಗ ಕೆಲಸ ಮಾಡುವುದು ಸ್ಪ್ರಿಂಗ್ ಒಂದೇ. ಕರೆಂಟು ಹೋದಾಗ, ವೈರ್ ತುಂಡಾದಾಗ, ಕಾಯಿಲ್ ಸುಟ್ಟಾಗ, ಎಮರ್ಜೆನ್ಸಿ ಬಟನ್ ಒತ್ತಿದಾಗ ಮೆಷಿನ್ ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ ಸ್ಪ್ರಿಂಗ್ ಯಾವ ಚೌಕದ ಪಕ್ಕದಲ್ಲಿದೆ ನೋಡಿ. ಎರಡೂ ಕಡೆ ಸ್ಪ್ರಿಂಗ್ ಇದ್ದರೆ ನಡುವಿನ ಚೌಕ ಗೆಲ್ಲುತ್ತದೆ. ನಡುವಿನ ಚೌಕದಲ್ಲಿ ಎಲ್ಲ ಪೋರ್ಟೂ ಮುಚ್ಚಿದ್ದರೆ ಸಿಲಿಂಡರ್ ಇದ್ದಲ್ಲೇ ನಿಲ್ಲುತ್ತದೆ. ಪಂಪಿನ ಎಣ್ಣೆ ಟ್ಯಾಂಕಿಗೆ ಹರಿಯುವಂತಿದ್ದರೆ ಪಂಪಿಗೆ ವಿಶ್ರಾಂತಿ. ಸಿಲಿಂಡರಿನ ಎರಡೂ ಬದಿ ಟ್ಯಾಂಕಿಗೆ ತೆರೆದಿದ್ದರೆ ಮೇಲಿರುವ ಭಾರ ಕೆಳಗಿಳಿಯುತ್ತದೆ. ಪ್ರೆಸ್ಸಿನ ಕೆಳಗೆ ಕೈ ಇಟ್ಟು ಕೆಲಸ ಮಾಡುವವರ ಬೆರಳುಗಳು ಈ ಅಂಕುಡೊಂಕು ಗೆರೆಯ ಮೇಲೆ ನಿಂತಿವೆ.

ಸ್ಪ್ರಿಂಗ್ ಇಲ್ಲದ ವಾಲ್ವೂ ಇದೆ. ಅದರಲ್ಲಿ ಸಣ್ಣ ಕಚ್ಚುಗಳ ಗುರುತು ಇರುತ್ತದೆ, ಡಿಟೆಂಟ್. ಸ್ಪೂಲಿನ ತೋಡಿಗೆ ಒಂದು ಗುಂಡು ಕೂತು, ಕೊನೆಯ ಆಜ್ಞೆ ಯಾವುದಿತ್ತೋ ಅಲ್ಲೇ ಹಿಡಿದಿಡುತ್ತದೆ. ಲೇಖನದ ಮೊದಲಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇದೇ: ಚಕ್ಕಿಗೆ ಸಾಮಾನ್ಯವಾಗಿ ಹಾಕುವುದು ಎರಡು ಕಾಯಿಲ್ಲಿನ, ಸ್ಪ್ರಿಂಗ್ ಇಲ್ಲದ, ಡಿಟೆಂಟ್ ವಾಲ್ವ್. ಒಂದೇ ಕಾಯಿಲ್ ಹಾಕಿ, ಸ್ಪ್ರಿಂಗ್ ಬಿಗಿಯುವ ಕಡೆಗೆ ಇಟ್ಟರೆ ಸಾಲದೇ ಎಂದು ಬುದ್ಧಿವಂತ ಹುಡುಗರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಜಾಬನ್ನು ಹೊರಗಿನಿಂದ ಹಿಡಿಯುವಾಗ ಅದು ಸಾಕು. ಆದರೆ ನಾಳೆ ಬಳೆಯಂಥ ಜಾಬ್ ಬರುತ್ತದೆ, ಅದನ್ನು ಒಳಗಿನಿಂದ ದವಡೆ ಅಗಲಿಸಿ ಹಿಡಿಯಬೇಕು. ಆಗ ಬಿಗಿಯುವ ದಿಕ್ಕೇ ಉಲ್ಟಾ. ನಿನ್ನೆ ಕಾಪಾಡುತ್ತಿದ್ದ ಸ್ಪ್ರಿಂಗ್ ಇವತ್ತು ಉಳಿದಿರುವ ಒತ್ತಡದಲ್ಲೇ ಜಾಬನ್ನು ಬಿಟ್ಟುಬಿಡಬಹುದು. ಡಿಟೆಂಟಿಗೆ ಒಳಗು ಹೊರಗು ಎಂಬ ಭೇದವಿಲ್ಲ, ಹಿಡಿದದ್ದನ್ನು ಹಿಡಿದೇ ಇರುತ್ತದೆ.

ನಾಲ್ಕನೆಯ ಕೈ ಒತ್ತಡದ್ದು, ಪೈಲಟ್. ಗುರುತು ತ್ರಿಕೋನ. ಒಳಗೆ ಖಾಲಿ ಇದ್ದರೆ ಗಾಳಿ, ತುಂಬಿ ಕಪ್ಪಾಗಿದ್ದರೆ ಎಣ್ಣೆ. ಪೈಲಟ್ ದಾರಿಯನ್ನು ತುಂಡು ತುಂಡು ಗೆರೆಯಲ್ಲಿ ತೋರಿಸುತ್ತಾರೆ. ದೊಡ್ಡ ವಾಲ್ವಿನ ಸ್ಪೂಲನ್ನು ಕಾಯಿಲ್ ಒಂದೇ ತಳ್ಳಲಾರದು. ಕೈಯಲ್ಲಿ ಹಿಡಿಯುವಷ್ಟು ಸಣ್ಣ 6 ಮತ್ತು 10ರ ಸೈಜಿನವನ್ನು ಕಾಯಿಲ್ ನೇರವಾಗಿ ತಳ್ಳುತ್ತದೆ. 16, 25ರ ಸೈಜಿಗೆ ಹೋದರೆ ತಲೆಯ ಮೇಲೊಂದು ಮರಿ ವಾಲ್ವ್ ಕೂರುತ್ತದೆ. ಕಾಯಿಲ್ ಮರಿಯನ್ನು ತಳ್ಳುತ್ತದೆ, ಮರಿ ಕಳಿಸಿದ ಎಣ್ಣೆ ತಾಯಿಯನ್ನು ತಳ್ಳುತ್ತದೆ. ಡ್ರಾಯಿಂಗಿನಲ್ಲಿ ಕಾಯಿಲ್ಲಿನ ಆಯತ, ಅದಕ್ಕೆ ಅಂಟಿಕೊಂಡು ತ್ರಿಕೋನದ ಆಯತ, ಹೀಗೆ ಸಾಲಾಗಿ ಬರುತ್ತವೆ. ಸಾಲಾಗಿದ್ದರೆ ‘ಇದು ಆದಮೇಲೆ ಅದು’, ಎರಡೂ ಬೇಕು. ಒಂದರ ಮೇಲೊಂದು ಪೇರಿಸಿದ್ದರೆ ‘ಇದಾದರೂ ಸರಿ, ಅದಾದರೂ ಸರಿ’. ಕನ್ನಡದ ‘ಮತ್ತು’, ‘ಅಥವಾ’ ಎಂಬ ಎರಡು ಪದಗಳನ್ನು ಬರೀ ಜೋಡಣೆಯಿಂದ ಹೇಳಿರುವ ಜಾಣತನ ಇದು. ಪುಸ್ತಕಗಳು ಇದನ್ನು ಹೇಳದೆ ದಾಟಿಬಿಡುತ್ತವೆ.

ಸರಳೀಕರಿಸಿದ ಗುರುತು ಮೋಸ ಮಾಡುವ ಜಾಗವೂ ಇಲ್ಲೇ ಇದೆ. ಮರಿ ವಾಲ್ವಿಗೆ ಎಣ್ಣೆ ಎಲ್ಲಿಂದ? ಪಂಪಿನ ಎಣ್ಣೆ ಬರುವ ತಾಯಿಯ ಪಿ ಪೋರ್ಟಿನಿಂದಲೇ ಒಳಗೊಳಗೆ ಬರಬಹುದು, ಎಕ್ಸ್ ಎಂಬ ಬೇರೆ ಪೋರ್ಟಿನ ಮೂಲಕ ಹೊರಗಿನಿಂದಲೂ ಬರಬಹುದು. ಬಳಸಿದ ಎಣ್ಣೆ ಟ್ಯಾಂಕಿನ ಟಿ ಪೋರ್ಟಿಗೆ ಹೋಗಬಹುದು, ವೈ ಪೋರ್ಟಿನಿಂದ ಬೇರೆಯಾಗಿಯೂ ಹೋಗಬಹುದು. ಈಗ ನಡುವಿನ ಚೌಕದಲ್ಲಿ ಪಿ ಟ್ಯಾಂಕಿಗೆ ತೆರೆದಿರುವ ದೊಡ್ಡ ವಾಲ್ವನ್ನು ತೆಗೆದುಕೊಳ್ಳಿ. ಮೆಷಿನ್ ಸುಮ್ಮನಿರುವಾಗ ಪಂಪಿನ ಎಣ್ಣೆ ಒತ್ತಡವೇ ಇಲ್ಲದೆ ಟ್ಯಾಂಕಿಗೆ ಹರಿಯುತ್ತಿದೆ. ಕಾಯಿಲ್ಲಿಗೆ ಕರೆಂಟು ಬಂತು, ಮರಿ ತೆರೆಯಿತು, ಆದರೆ ತಾಯಿಯನ್ನು ತಳ್ಳಲು ಬೇಕಾದ ಕೆಲವೇ ಬಾರ್ ಒತ್ತಡವೂ ಅಲ್ಲಿಲ್ಲ. ಸ್ಪೂಲ್ ಅಲ್ಲಾಡುವುದಿಲ್ಲ. ಎಲೆಕ್ಟ್ರಿಷಿಯನ್ ಕಾಯಿಲ್ ಸರಿಯಿದೆ ಅನ್ನುತ್ತಾನೆ, ಫಿಟ್ಟರ್ ಪಂಪ್ ಸರಿಯಿದೆ ಅನ್ನುತ್ತಾನೆ. ಇಬ್ಬರ ಮಾತೂ ನಿಜ. ಪೈಲಟ್ ಎಣ್ಣೆಯನ್ನು ಹೊರಗಿನಿಂದ ಕೊಡಬೇಕು, ಇಲ್ಲವೇ ದಾರಿಯಲ್ಲೊಂದು ಚೆಕ್ ವಾಲ್ವ್ ಇಟ್ಟು ಸ್ವಲ್ಪ ಒತ್ತಡ ಉಳಿಸಿಕೊಳ್ಳಬೇಕು. ವಿವರವಾದ ಗುರುತಿನಲ್ಲಿ ಮರಿಯನ್ನೂ ತಾಯಿಯನ್ನೂ ಬಿಡಿಸಿ ಎಳೆದಿದ್ದರೆ ಇದು ಒಂದು ನೋಟಕ್ಕೆ ಕಾಣುತ್ತದೆ. ಜಾಗ ಉಳಿಸಲು ಒಂದೇ ಪೆಟ್ಟಿಗೆಯಾಗಿ ಎಳೆದ ಡ್ರಾಯಿಂಗಿನಲ್ಲಿ ಕಾಣುವುದಿಲ್ಲ.

ಈ ಭಾಷೆ ಎಲ್ಲ ಕಡೆ ಒಂದೇ ಆಗಿದ್ದು ಬಹಳ ತಡವಾಗಿ. ಅಮೆರಿಕದ ಕಾರ್ಖಾನೆಗಳಿಗೆ ಜೆಐಸಿ ಗುರುತುಗಳಿದ್ದವು, ಜರ್ಮನಿಗೆ ಡಿಐಎನ್ ಗುರುತುಗಳು. 1962ರಲ್ಲಿ ಯುರೋಪಿನ ತಯಾರಕರ ಸಂಘಗಳು ಸೇರಿ ಸೆಟಾಪ್ ಕಟ್ಟಿಕೊಂಡವು. ಅಂತರರಾಷ್ಟ್ರೀಯ ಮಾನಕ ಐಎಸ್ಒ 1219 ಬಂದದ್ದು 1976ರಲ್ಲಿ, ಎಚ್‌ಎಂಟಿ ಶುರುವಾಗಿ 23 ವರ್ಷದ ಮೇಲೆ. ಅಂದರೆ ಜಾಲಹಳ್ಳಿಯ ಮೊದಲ ತಲೆಮಾರಿನವರು ಒಂದೊಂದು ದೇಶದ ಡ್ರಾಯಿಂಗಿಗೂ ಒಂದೊಂದು ಕಣ್ಣು ಇಟ್ಟುಕೊಂಡೇ ಕೆಲಸ ಕಲಿತರು. ಮಾನಕದ ಮೊದಲ ಭಾಗವನ್ನು 1991, 2006 ಮತ್ತು 2012ರಲ್ಲಿ ಮತ್ತೆ ತಿದ್ದಿದರು. ಹಳೆಯ ಮೆಷಿನ್ನಿನ ಹಾಳೆಯಲ್ಲಿ ಇವತ್ತಿನ ಪುಸ್ತಕಕ್ಕೆ ಹೊಂದದ ಗುರುತು ಕಂಡರೆ ಎಳೆದವನು ತಪ್ಪಿದ ಎಂದು ತೀರ್ಮಾನಿಸಬೇಡಿ. ಹಾಳೆಯ ಮೂಲೆಯಲ್ಲಿರುವ ವರ್ಷವನ್ನು ನೋಡಿ. ಪೋರ್ಟಿನ ಹೆಸರುಗಳೂ ಹಾಗೆಯೇ. ಎಣ್ಣೆಗೆ ಪಿ, ಟಿ, ಎ, ಬಿ. ಗಾಳಿಗೆ ಅಂಕಿಗಳು: 1 ಬರುವ ದಾರಿ, 2 ಮತ್ತು 4 ಹೋಗುವ ದಾರಿ, 3 ಮತ್ತು 5 ಹೊರಬಿಡುವ ದಾರಿ. ಪೈಲಟ್ ತುದಿಗೆ 14 ಎಂದಿದ್ದರೆ ಅಲ್ಲಿ ಒತ್ತಿದಾಗ 1 ಹೋಗಿ 4ಕ್ಕೆ ಸೇರುತ್ತದೆ. ಅಂಕಿಯೇ ಪರಿಣಾಮವನ್ನು ಹೇಳಿಬಿಡುತ್ತದೆ. ಎಣ್ಣೆಯವರಿಗೆ ಈ ಸೌಲಭ್ಯ ಸಿಗಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಗುತ್ತದೆ.

ಮಾನಕ ಬಂದಮೇಲೂ ಒಂದು ಬಿರುಕು ಉಳಿದುಕೊಂಡಿದೆ, ಅಪಾಯದ ಬಿರುಕು. ಎರಡು ಕಾಯಿಲ್ಲಿನ ವಾಲ್ವಿನಲ್ಲಿ ಯಾವುದು ಎ, ಯಾವುದು ಬಿ? ಅಮೆರಿಕದ ಪದ್ಧತಿಯಲ್ಲಿ, ಕರೆಂಟು ಕೊಟ್ಟಾಗ ಪಿಯಿಂದ ಎ ಪೋರ್ಟಿಗೆ ಎಣ್ಣೆ ಕಳಿಸುವ ಕಾಯಿಲ್ಲೇ ಎ, ಅದು ಯಾವ ತುದಿಯಲ್ಲಾದರೂ ಇರಲಿ. ಯುರೋಪಿನಲ್ಲಿ ರೂಢಿಯಾದ ಪದ್ಧತಿಯಲ್ಲಿ ಎ ಪೋರ್ಟಿನ ಬದಿಗೆ ಕೂತಿರುವ ಕಾಯಿಲ್ ಎ, ಎಣ್ಣೆ ಎಲ್ಲಿಗಾದರೂ ಹೋಗಲಿ. ಒಂದೇ ತಳ, ಒಂದೇ ತೂತು, ಒಂದೇ ಬೋಲ್ಟು. ಐಎಸ್ಒ 4401 ಮಾನಕದಿಂದಾಗಿ ಒಂದು ಕಂಪನಿಯ ವಾಲ್ವ್ ಇನ್ನೊಂದರ ಜಾಗದಲ್ಲಿ ಸಲೀಸಾಗಿ ಕೂರುತ್ತದೆ, ಅದೇ ದೊಡ್ಡ ಅನುಕೂಲ. ಆದರೆ ಕೂತದ್ದೆಲ್ಲ ಸರಿಯಾಗಿ ಕೂತಿತು ಎಂದಲ್ಲ. ಹೆಸರು ನೋಡಿ ವೈರ್ ಕೊಟ್ಟರೆ ‘ಮೇಲೆ’ ಎಂದಾಗ ಕೆಳಗೆ ಬರುವ ಸ್ಲೈಡ್ ಸಿಗಬಹುದು. ಹೆಸರು ನೋಡದೆ, ಮೈಮೇಲಿನ ತಗಡಿನಲ್ಲಿ ಕೆತ್ತಿರುವ ಚೌಕಗಳನ್ನು ನೋಡಿ ವೈರ್ ಕೊಡಬೇಕು.

ತಗಡಿನ ಮೇಲಿನ ನಂಬರೂ ಇದೇ ಭಾಷೆಯ ಇನ್ನೊಂದು ಲಿಪಿ. ಜಪಾನಿನ ಯೂಕೆನ್ ಜೊತೆಗೂಡಿ 1976ರಲ್ಲಿ ಶುರುವಾದ ಯೂಕೆನ್ ಇಂಡಿಯಾ ನಮ್ಮ ವೈಟ್‌ಫೀಲ್ಡಿನಲ್ಲೇ ಬಹಳ ವರ್ಷ ವಾಲ್ವ್ ಮಾಡಿತು, ಬೆಂಗಳೂರಿನ ಶೆಡ್ಡುಗಳಲ್ಲಿ ಆ ಕೋಡು ಎಲ್ಲರಿಗೂ ಪರಿಚಿತ. ಡಿಎಸ್‌ಜಿ-01-3ಸಿ2 ಅಂದರೆ ಮೂರು ಸ್ಥಾನ, ಸ್ಪ್ರಿಂಗ್ ನಡುವಿಗೆ ತರುತ್ತದೆ. 2ಬಿ ಅಂದರೆ ಎರಡು ಸ್ಥಾನ, ಸ್ಪ್ರಿಂಗ್ ಒಂದು ಬದಿಗೆ ತಳ್ಳುತ್ತದೆ. 2ಡಿ ಅಂದರೆ ಸ್ಪ್ರಿಂಗ್ ಇಲ್ಲ, ಡಿಟೆಂಟ್. ರೆಕ್ಸ್‌ರಾತಿನವರ 4ಡಬ್ಲ್ಯುಇ6ರಲ್ಲಿ ಇ ವಿದ್ಯುತ್ತಿನ ಕೈ, ಅದೇ ಜಾಗದಲ್ಲಿ ಎಂಎಂ ಇದ್ದರೆ ಕೈ ಲಿವರ್, ಎಂಆರ್ ಇದ್ದರೆ ರೋಲರ್, ಇಎಚ್ ಇದ್ದರೆ ಕಾಯಿಲ್ ಮತ್ತು ಎಣ್ಣೆ ಎರಡೂ. ಮುಂದೆ ಜಿ24 ಬಂದರೆ 24 ವೋಲ್ಟ್ ಡಿಸಿ. ಅಂಗಡಿಗೆ ಫೋನು ಮಾಡಿ ‘ಅರ್ಧ ಇಂಚಿನ ಡಬಲ್ ಕಾಯಿಲ್ ವಾಲ್ವ್ ಕಳಿಸಿ’ ಎನ್ನುವ ಅಭ್ಯಾಸದಲ್ಲಿ ಈ ಅಕ್ಷರಗಳೆಲ್ಲ ಉದುರಿಹೋಗುತ್ತವೆ.

ಹಾಗೆ ಉದುರಿದ್ದರ ಫಲವನ್ನು ನಾನೇ ಕಂಡಿದ್ದೇನೆ. ಒಂದು ಸಣ್ಣ ಶೆಡ್ಡಿನಲ್ಲಿ ಮಿಲ್ಲಿಂಗ್ ಫಿಕ್ಸ್ಚರಿನ ಕ್ಲಾಂಪಿಗೆ ಇದ್ದ ಡಿಟೆಂಟ್ ವಾಲ್ವ್ ಕೆಟ್ಟಿತು. ತುರ್ತಿನಲ್ಲಿ ಸಿಕ್ಕ ಇನ್ನೊಂದು ಡಬಲ್ ಕಾಯಿಲ್ ವಾಲ್ವ್ ಹಾಕಿದರು. ಕೂತಿತು, ಕ್ಲಾಂಪೂ ಆಯಿತು. ಆಮೇಲೆ ದಿನಕ್ಕೆ ಹತ್ತು ಸಲ ಪ್ರೆಷರ್ ಸ್ವಿಚ್ ಅಲಾರಂ. ಸೀಲ್ ಬದಲಿಸಿದರು, ಹೋಸ್ ಬದಲಿಸಿದರು, ಎಣ್ಣೆಯನ್ನೂ ಬದಲಿಸಿದರು. ಮೂರನೆಯ ದಿನ ನಾನೂ ಅವರ ಜೊತೆ ಬಗ್ಗಿ ಕೂತು ಬಟ್ಟೆಯಿಂದ ತಗಡು ಒರೆಸಿದೆ. ಮೂರು ಚೌಕ, ಎರಡು ಕಡೆಯೂ ಅಂಕುಡೊಂಕು ಗೆರೆ. ಮೆಷಿನ್ನಿನ ಪ್ರೋಗ್ರಾಂ ಹಳೆಯ ವಾಲ್ವಿಗೆಂದು ಬರೆದದ್ದು. ಕ್ಲಾಂಪಿನ ಕಾಯಿಲ್ಲಿಗೆ ಒಂದೆರಡು ಸೆಕೆಂಡು ಕರೆಂಟು ಕೊಟ್ಟು ತೆಗೆದುಬಿಡುತ್ತಿತ್ತು. ಡಿಟೆಂಟ್ ಇದ್ದಾಗ ಅಷ್ಟು ಸಾಕು. ಹೊಸ ವಾಲ್ವಿನಲ್ಲಿ ಕರೆಂಟು ಹೋದ ಕೂಡಲೇ ಸ್ಪ್ರಿಂಗ್ ಸ್ಪೂಲನ್ನು ನಡುವಿಗೆ ತಂದು ಪಂಪಿನ ಸಂಬಂಧ ಕಡಿಯುತ್ತಿತ್ತು, ಸ್ಪೂಲಿನ ಸಂದಿಯ ಸಹಜ ಸೋರಿಕೆಯಲ್ಲಿ ಒತ್ತಡ ಮೆಲ್ಲಗೆ ಇಳಿಯುತ್ತಿತ್ತು. ಅಲಾರಂ ಸರಿಯಾಗಿಯೇ ಕೂಗುತ್ತಿತ್ತು. ಕಟರ್ ಜಾಬಿನಲ್ಲಿದ್ದಾಗ ಒತ್ತಡ ಇನ್ನಷ್ಟು ಇಳಿದಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಗುರುತಿಗೂ ಮಿತಿಯಿದೆ. ಅದು ಏಸಿ ಡಿಸಿ ಭೇದ ಹೇಳುವುದಿಲ್ಲ. ಸ್ಪೂಲ್ ಕಸ ಸಿಕ್ಕಿ ಅರ್ಧದಲ್ಲಿ ನಿಂತರೆ ಏಸಿ ಕಾಯಿಲ್ ಹೆಚ್ಚು ಕರೆಂಟು ಎಳೆಯುತ್ತಲೇ ಇದ್ದು ಸುಟ್ಟುಹೋಗುತ್ತದೆ, ಡಿಸಿ ಕಾಯಿಲ್ ತಾಳಿಕೊಳ್ಳುತ್ತದೆ. ಪದೇ ಪದೇ ಕಾಯಿಲ್ ಸುಡುತ್ತಿದ್ದರೆ ಕಾಯಿಲ್ಲನ್ನು ಬೈಯುವ ಮೊದಲು ಎಣ್ಣೆಯ ಫಿಲ್ಟರ್ ನೋಡಬೇಕಾದದ್ದು ಇದಕ್ಕೇ. ಕಾಯಿಲ್ಲಿನ ತುದಿಯಲ್ಲಿ ಅಲೆನ್ ಕೀಯಿಂದ ಒತ್ತಬಹುದಾದ ಸಣ್ಣ ಪಿನ್ ಇರುತ್ತದೆ, ಕರೆಂಟಿಲ್ಲದೆಯೂ ಸ್ಪೂಲನ್ನು ತಳ್ಳಲು. ಕೆಲವು ಡ್ರಾಯಿಂಗಿನಲ್ಲಿ ಅದನ್ನು ತೋರಿಸುತ್ತಾರೆ, ಹಲವು ಬಾರಿ ಬಿಟ್ಟುಬಿಡುತ್ತಾರೆ. ಆ ಪಿನ್ ಒತ್ತುವವರು ಮೆಷಿನ್ನಿನ ಯಾವ ಬಾಗಿಲು, ಯಾವ ಸೆನ್ಸರ್ ತಮ್ಮನ್ನು ಕಾಯುತ್ತದೆ ಎಂದು ನಂಬಿದ್ದಾರೋ ಅದೆಲ್ಲವನ್ನೂ ದಾಟಿಬಿಟ್ಟಿರುತ್ತಾರೆ.

ಕಲಿಕೆಯ ವಿಚಾರದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಐಟಿಐಗಳಲ್ಲಿ, ಡಿಪ್ಲೊಮಾದಲ್ಲಿ, ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಹೈಡ್ರಾಲಿಕ್ಸ್ ಪಾಠವಿದೆ. ಪೀಣ್ಯದ ಎನ್‌ಟಿಟಿಎಫ್‌ನಂಥ ತರಬೇತಿ ಸಂಸ್ಥೆಗಳು ಈ ಭಾಗದ ಕಾರ್ಖಾನೆಗಳಿಗೆ ಕೈಗಳನ್ನು ತಯಾರು ಮಾಡಿಕೊಟ್ಟಿವೆ. ಆದರೆ ನಾನು ಕಂಡ ಪ್ರಶ್ನೆಪತ್ರಿಕೆಗಳು ‘ಈ ಕೆಳಗಿನವುಗಳ ಸಂಕೇತ ಬರೆಯಿರಿ’ ಎನ್ನುತ್ತವೆ, ‘ಈ ಮೆಷಿನ್ನಿಗೆ ಕರೆಂಟು ಹೋದರೆ ಸಿಲಿಂಡರ್ ಏನು ಮಾಡುತ್ತದೆ?’ ಎನ್ನುವುದಿಲ್ಲ. ಮೊದಲನೆಯದಕ್ಕೆ ನೆನಪಿನ ಶಕ್ತಿ ಸಾಕು. ಎರಡನೆಯದಕ್ಕೆ ಉತ್ತರ ಬರೆದ ಹುಡುಗಿಯನ್ನು ನೈಟ್ ಶಿಫ್ಟಿನಲ್ಲಿ ಒಬ್ಬಳೇ ಮೆಷಿನ್ನಿನ ಮುಂದೆ ಧೈರ್ಯವಾಗಿ ಬಿಡಬಹುದು. ಇನ್ನೊಂದು ಮಾತು. ಈ ಗುರುತುಗಳಿಗೆ ಭಾಷೆಯಿಲ್ಲ, ಆದರೆ ಅವನ್ನು ವಿವರಿಸಲು ಭಾಷೆ ಬೇಕು. ‘ಕೈ ಬಿಟ್ಟರೆ ವಾಪಸ್ ಬರುತ್ತೆ’, ‘ಕೈ ಬಿಟ್ಟರೂ ಅಲ್ಲೇ ಇರುತ್ತೆ’ ಎಂದು ಕನ್ನಡದಲ್ಲಿ ಹೇಳಿದರೆ ಸ್ಪ್ರಿಂಗೂ ಡಿಟೆಂಟೂ ಒಂದೇ ಉಸಿರಿನಲ್ಲಿ ಅರ್ಥವಾಗುತ್ತವೆ. ಫಿಟ್ಟರುಗಳು ತಮ್ಮತಮ್ಮಲ್ಲಿ ಹೀಗೆಯೇ ಮಾತಾಡಿಕೊಳ್ಳುತ್ತಾರೆ. ಪಾಠದ ಪುಸ್ತಕ ಮಾತ್ರ ಇನ್ನೂ ಆ ಮಾತನ್ನು ಬರೆದುಕೊಂಡಿಲ್ಲ.

ಈಗ ಹೊಸ ಮೆಷಿನ್ನುಗಳಲ್ಲಿ ಹೈಡ್ರಾಲಿಕ್ ಕೆಲಸವನ್ನು ಸರ್ವೋ ಮೋಟಾರುಗಳು ಒಂದೊಂದಾಗಿ ಕಸಿದುಕೊಳ್ಳುತ್ತಿವೆ. ಗಾಳಿಯ ವಾಲ್ವುಗಳು ಹತ್ತಿಪ್ಪತ್ತು ಸೇರಿ ಒಂದೇ ಪಟ್ಟಿಯಾಗಿ ಕೂತು, ಒಂದೇ ಕೇಬಲ್ಲಿನಲ್ಲಿ ಆಜ್ಞೆ ಪಡೆಯುತ್ತವೆ. ಆ ಪಟ್ಟಿಯ ಒಂದೊಂದು ತುಂಡಿನ ಮೇಲೂ ಅದೇ ಚೌಕ, ಅದೇ ತ್ರಿಕೋನ, ಅದೇ ಅಂಕುಡೊಂಕು ಗೆರೆ ಅಚ್ಚಾಗಿರುತ್ತದೆ, ಮೊದಲಿಗಿಂತ ಸಣ್ಣದಾಗಿ.

ಅಲಾರಂ ಕೂಗುತ್ತಿದ್ದ ಆ ಶೆಡ್ಡಿಗೆ ವರ್ಷದ ಮೇಲೆ ಮತ್ತೆ ಹೋಗಿದ್ದೆ. ಪವರ್ ಪ್ಯಾಕಿನ ಟ್ಯಾಂಕಿನ ಮೇಲೆ, ಒಂದೊಂದು ವಾಲ್ವಿನ ಪಕ್ಕದಲ್ಲೂ ಬಿಳಿ ಪೇಂಟಿನಲ್ಲಿ ಬೆರಳುದ್ದದ ಚೌಕಗಳನ್ನು ಎಳೆದಿದ್ದರು. ಸ್ಪ್ರಿಂಗಿನ ಗೆರೆ ಮಾತ್ರ ಕೆಂಪು. ಕ್ಲಾಂಪಿನ ವಾಲ್ವಿನ ಪಕ್ಕದಲ್ಲಿ ಕೆಂಪು ಇರಲಿಲ್ಲ. ಅಲ್ಲಿ ಎರಡು ಕಚ್ಚಿನ ಗುರುತು ಹಾಕಿ, ಕೆಳಗೆ ಗುಂಡನೆಯ ಅಕ್ಷರದಲ್ಲಿ ಬರೆದಿದ್ದರು: ‘ಕರೆಂಟ್ ಹೋದ್ರೂ ಬಿಡಲ್ಲ.’